ಬಾಗಿಲಿಗಂಟಿದ ಉಂಡೆ

ನಮ್ಮ ಶೆನ್ಯಾಂಗಿನಲ್ಲಿ ವರ್ಷದ ಅತಿ ಉದ್ದದ ಈ ಇರುಳು
ಕಡುಬು ತಿನ್ನದವರ ಕಿವಿ ಚಳಿಗೆ ಉದುರುತ್ತದೆ.
ಹಾಗಂತ ನನ್ನಮ್ಮ ಹೇಳಿದ್ದು, ಅವಳಿಗೆ ಅವಳಮ್ಮ.
ಎಲ್ಲರ ಕಿವಿಯೂ ಇದ್ದಲ್ಲೇ ಇದೆ ನೋಡಿ,
ಅಂದಮೇಲೆ ಮಾತು ನಿಜವೇ ಇರಬೇಕು.

ಹುಳಿ ಬರಿಸಿದ ಕೋಸು ಹಿಂಡಿ, ಹಂದಿಮಾಂಸ ಕೊಚ್ಚಿ,
ಹಿಟ್ಟಿನ ಬಿಲ್ಲೆ ಮಡಚಿ ಅಂಚು ಚಿವುಟಿ
ಹಲಗೆಯ ಮೇಲೆ ಕೂರಿಸುತ್ತಿದ್ದೆ ಕಿವಿಗಡುಬು.
ಸಾಲು ಸಾಲು ಕಿವಿ, ಎಲ್ಲವೂ ನನ್ನತ್ತಲೇ.

ಅತ್ತೆ ಬಂದದ್ದು ಚ್ವಾನ್‌ಝೌ ಕಡಲೂರಿಂದ,
ಮಾವ ಹೋದ ನಲವತ್ತೊಂಬತ್ತನೇ ದಿನ ಮುಗಿಸಿಕೊಂಡು,
ರೈಲಿನಲ್ಲಿ ಎರಡು ಹಗಲು, ಮಡಿಲಲ್ಲಿ ಅಂಟಕ್ಕಿ ಹಿಟ್ಟಿನ ಗಂಟು.
ಅವರ ಮಾತು ನನಗೆ ಅರ್ಧ, ನನ್ನದು ಅವರಿಗೆ ಕಾಲು;
ಉಳಿದದ್ದನ್ನು ಗಂಡ ತುಂಬಿಸಬೇಕು,
ಅವನಿಗೋ ಬಾಯ್ಲರು ಮನೆಯಲ್ಲಿ ರಾತ್ರಿ ಪಾಳಿ.

ನಿನ್ನೆ ಇರುಳೇ ಶುರುಮಾಡಿದ್ದರು.
ಒಂದು ಕೆಂಪು, ಒಂದು ಬಿಳಿ, ಅಂಗೈ ನಡುವೆ ಉರುಟಿ ಉರುಟಿ
ಮೊರದ ತುಂಬ ಉಂಡೆ.
ಬೆಳಗ್ಗೆ ಬೇಯಿಸಿ ಮಾವನ ಪಟದ ಮುಂದಿಟ್ಟು
ಆಮೇಲೆ, ನಾನು ನೋಡುತ್ತಿದ್ದ ಹಾಗೇ,
ಹೊರಬಾಗಿಲಿಗೆ ಒಂದು ಅಂಟಿಸಿದರು.
ಕಿಟಕಿಗೊಂದು. ಫ್ರಿಜ್ಜಿಗೊಂದು.
ಹೊಲಿಗೆ ಯಂತ್ರಕ್ಕೆ, ಕರೆಂಟಿನ ಮೀಟರಿಗೆ, ಬಿಸಿನೀರ ಕೊಳವೆಗೆ.
ಮನೆಗಾಗಿ ದುಡಿಯುವ ಎಲ್ಲಕ್ಕೂ ಇವತ್ತು ಊಟವಂತೆ.

"ಅಯ್ಯೋ, ಈಗಷ್ಟೇ ಒರೆಸಿದ್ದೆ" ಅಂದೆ.
ಅವರಿಗೆ ತಿಳಿಯಲಿಲ್ಲ. ಅಥವಾ ತಿಳಿಯಿತು.

ಮಗಳು ಶ್ಯಾವ್‌ಮಾನ್ ಎರಡನ್ನೂ ಬಿಡಲಿಲ್ಲ.
ಉಂಡೆ ತಿಂದರೆ ವಯಸ್ಸು ಒಂದು ಹೆಚ್ಚು ಎಂದರು ಅಜ್ಜಿ.
"ಹನ್ನೆರಡು ತಿಂದೆ, ನಾಳೆಯೇ ಮದುವೆ ಮಾಡಿ!"
ಅಜ್ಜಿಯ ಬಟ್ಟಲಲ್ಲಿ ಉಂಡೆ ಹಾಗೇ ಇತ್ತು.
ಗಂಡ ಫೋನಿನಲ್ಲಿ ಬಿಡಿಸಿ ಹೇಳಿದ:
ಮಾವ ಎಪ್ಪತ್ತೊಂದಕ್ಕೆ ನಿಂತುಬಿಟ್ಟರು.
ಅತ್ತೆಗೂ ಎಪ್ಪತ್ತೊಂದು.
ಇದೊಂದು ನುಂಗಿದರೆ ಅವರಿಗಿಂತ ಹಿರಿಯಳು.

ನಾಲ್ಕೂವರೆಗೇ ಕತ್ತಲು.
ದಾರಿಗಳು ಕೂಡುವಲ್ಲಿ ಕೇರಿಯವರೆಲ್ಲ
ಕಾಗದದ ಹಣ ಸುಡುತ್ತಿದ್ದರು, ಸತ್ತವರ ಚಳಿಗೆ.
ನನ್ನಪ್ಪನಿಗಾಗಿ ನಾನೂ ಹೋಗುತ್ತೇನೆ:
ಹಿಮದ ಮೇಲೆ ಕೋಲಿನಿಂದ ಒಂದು ಸುತ್ತುಗೆರೆ,
ಗೋರಿ ಇರುವ ದಿಕ್ಕಿಗೆ ಬಾಯಿ ಬಿಟ್ಟಿರಬೇಕು,
ಇಲ್ಲದಿದ್ದರೆ ಬಂದವರು ಹೊರಗೇ ನಿಲ್ಲುತ್ತಾರೆ.

ಅತ್ತೆಯೂ ಬಂದರು, ನನ್ನ ಹಳೇ ಕೋಟು, ಮಗನ ಬೂಟು.
ಅಪ್ಪನ ಸುತ್ತನ್ನು ಪೂರ್ವಕ್ಕೆ ತೆರೆದೆ.
ಪಕ್ಕದಲ್ಲಿ ಇನ್ನೊಂದು ಗೀಚಿದೆ.
ಯೋಚಿಸಿ ಅಲ್ಲ, ಕೋಲು ಕೈಯಲ್ಲಿತ್ತು.
ದಕ್ಷಿಣ ಯಾವುದು? ಔಷಧದಂಗಡಿಯ ಹಸಿರು ದೀಪದ ಕಡೆ.
ಅಲ್ಲಿಗೆ ಒಂದು ಗೇಣು ತೆರಪು ಬಿಟ್ಟು
ಬೆಂಕಿಪೊಟ್ಟಣ ಅವರ ಕೈಗಿಟ್ಟೆ.

ಬಹಳ ಹೊತ್ತು ನೋಡಿದರು ಆ ತೆರಪನ್ನು.
ಆಮೇಲೆ ಕಡ್ಡಿ ಗೀರಿ, ಉರಿ ಏಳುತ್ತಿದ್ದಂತೆ,
ತನ್ನ ಮಾತಿನಲ್ಲಿ ಯಾರನ್ನೋ ಗದರಿದಳು ಅತ್ತೆ.
ಒಂದು ಪದವೂ ಗೊತ್ತಿಲ್ಲದೆ ಎಲ್ಲ ತಿಳಿಯಿತು:
ಇಷ್ಟು ತಡವೇ, ಕಾಲು ಒರೆಸಿಕೊಂಡು ಬಾ ಎನ್ನುವ ಧಾಟಿ
ಯಾವ ಊರ ಹೆಂಡತಿಯ ಬಾಯಲ್ಲೂ ಅದೇ.

ಮನೆಗೆ ಬಂದು ಆರಿದ ಉಂಡೆ ತಿಂದಳು, ನಿಂತೇ.
ಬೆನ್ನಿಗೇ ನನ್ನದೊಂದು ಕಡುಬು,
ತಿಂದು ಕಿವಿ ಮುಟ್ಟಿ ನೋಡಿಕೊಂಡಳು.

ಈಗ ಮೂರನೇ ಒಂಬತ್ತು ನಡೆಯುತ್ತಿದೆ.
ಎಂಬತ್ತೊಂದು ದಳದ ಮೇಯ್‌ಹೂವಿನ ಚಿತ್ರ ಗೋಡೆಯಲ್ಲಿ,
ದಿನಕ್ಕೊಂದು ದಳ ಬಳಿದರೆ ಚಳಿ ಮುಗಿಯುವ ಲೆಕ್ಕ;
ಮಗಳು ಅವಸರಕ್ಕೆ ನಾಲ್ಕು ದಳ ಮುಂದೆ ಹೋಗಿದ್ದಾಳೆ.
ಮೆಟ್ಟಿಲ ದೀಪ ಸುಟ್ಟು ವಾರವಾಯಿತು, ಯಾರೂ ಹಾಕಿಲ್ಲ.
ಆರನೇ ಮಹಡಿ ಹತ್ತಿ, ಕತ್ತಲಲ್ಲಿ ಕೈಯಾಡಿಸಿದರೆ
ಕಲ್ಲಾದ ಉಂಡೆ ಬೆರಳಿಗೆ ತಾಗುತ್ತದೆ.
ಇದೇ ಬಾಗಿಲು.