ಮೂರೂಕಾಲು

ಪುಂತಾ ಅರೇನಸ್, ಬಂದರು ಕಚೇರಿ, ಜುಲೈ.
ಬೆಳಗಿನ ಎಂಟೂವರೆಯಾದರೂ ಕಿಟಕಿಯಲ್ಲಿ ಕತ್ತಲೆ.
ಜಲಸಂಧಿಯ ಗಾಳಿ ತಗಡಿನ ಮಾಡನ್ನು
ಎತ್ತಿ ಎತ್ತಿ ನೋಡುತ್ತಿದೆ, ಕೆಳಗೇನಿದೆ ಎಂದು.

ಸರ್ವರಿನ ಹೊಟ್ಟೆ ತೆರೆದು
ನೆಲದ ಮೇಲೆ ಕೂತಿದ್ದಾಳೆ ಯಾಸ್ನಾ.
ಎಂಟು ಹಸಿರು ಪಟ್ಟಿ, ಒಂದೊಂದೂ ಎರಡು ಗಿಗಾಬೈಟು,
ಸಾಂತಿಯಾಗೋದಿಂದ ಮೊಟ್ಟೆಯ ಹಾಗೆ ಸುತ್ತಿ ಬಂದವು.

ಗುಂಡಿ ಒತ್ತಿದರೆ ಯಂತ್ರ ಮೊದಲು ಸರಿಯಾಗಿಯೇ ಎಣಿಸುತ್ತದೆ:
ಕಪ್ಪು ಪರದೆ, ಬಿಳಿ ಅಂಕೆ, ಹದಿನಾರು.
ಆಮೇಲೆ ಆಪರೇಟಿಂಗ್ ಸಿಸ್ಟಮ್ ಎದ್ದು
ಕಣ್ಣುಜ್ಜಿಕೊಂಡು ಹೇಳುತ್ತದೆ: ಮೂರೂಕಾಲು.

"ಮೋಸ," ಎನ್ನುತ್ತಾರೆ ಉಗ್ರಾಣದ ಎಲ್ಯೂತೇರಿಯೊ,
ನಲವತ್ತು ವರ್ಷ ಉಣ್ಣೆಯ ಮೂಟೆ ಎಣಿಸಿದವರು.
"ರಸೀದಿ ಹದಿನಾರಕ್ಕೆ, ಸರಕು ಮೂರೂಕಾಲು.
ಇಂಥ ಹಡಗನ್ನು ನಾನು ವಾಪಸು ಕಳಿಸಿದ್ದೇನೆ."
ಬಗ್ಗಿ, ಪಟ್ಟಿಗಳ ಮೇಲೆ ಬೆರಳಾಡಿಸುತ್ತಾರೆ.
ಎಂಟು. ಮತ್ತೊಮ್ಮೆ. ಎಂಟು.

ಇದು ಮೂವತ್ತೆರಡು ಬಿಟ್ಟಿನ ಅಂಚೆಯವನು, ಎನ್ನುತ್ತಾಳೆ ಅವಳು.
ನಾಲ್ಕು ಗಿಗಾಬೈಟಿನಾಚೆಯ ಮನೆ ನಂಬರು ಬರೆಯಲು
ಇವನ ಲಕೋಟೆಯಲ್ಲಿ ಜಾಗವಿಲ್ಲ.
ಆ ನಾಲ್ಕರಲ್ಲೂ ಮುಕ್ಕಾಲು ಗಿಗಾಬೈಟನ್ನು
ಪರದೆಯ ಕಾರ್ಡು, ಜಾಲದ ಕಾರ್ಡು
ಟವೆಲು ಹಾಸಿ ಮುಂಚೆಯೇ ಹಿಡಿದಿವೆ.
"ಹಾಗಾದರೆ ಉಳಿದ ಮನೆಗಳಲ್ಲಿ?"
"ದೀಪ ಉರಿಯುತ್ತಿದೆ. ಯಾರೂ ಬಾಗಿಲು ತಟ್ಟುವುದಿಲ್ಲ."

ಬೂಟ್ ಕಡತದ ಕೊನೆಯ ಸಾಲಿಗೆ
ಒಂದು ಓರೆಗೆರೆ, ಮೂರು ಅಕ್ಷರ: ಪಿ, ಎ, ಇ.
ಲಕೋಟೆ ನಾಲ್ಕು ಬಿಟ್ಟು ಅಗಲವಾಗುತ್ತದೆ.
ಉಳಿಸುತ್ತಾಳೆ. ಆರಿಸಿ ಹಚ್ಚುತ್ತಾಳೆ.
ಫ್ಯಾನುಗಳು ಒಮ್ಮೆಲೇ ಊಳಿಟ್ಟು ತಗ್ಗುತ್ತವೆ.
ಇಬ್ಬರೂ ಉಸಿರು ಬಿಗಿಹಿಡಿದು

ನಾಲ್ಕು.

"ಮುಕ್ಕಾಲು ಬಂತಲ್ಲ," ಎನ್ನುತ್ತಾರೆ ಎಲ್ಯೂತೇರಿಯೊ, ಸಮಾಧಾನಕ್ಕೆ.

ಆಗ ಅವಳು ಡಿಸ್ಕಿನ ಡಬ್ಬಿ ತಿರುಗಿಸಿ ಓದುತ್ತಾಳೆ:
ಸ್ಟ್ಯಾಂಡರ್ಡ್. ಹೋದ ವರ್ಷದ ಟೆಂಡರಿನಲ್ಲಿ ಅಗ್ಗವಾದದ್ದು.
ಕಾಣುವುದಿಲ್ಲ ಅಂತಲ್ಲ, ಕಾಣಲು ಪರವಾನಗಿ ಇಲ್ಲ.
ದೇವರು ಕೊಟ್ಟರೂ ಪೂಜಾರಿ ಕೊಡ;
ಪೂಜಾರಿಯ ದಕ್ಷಿಣೆ ಬರುವ ಮಾರ್ಚಿನ ಬಜೆಟ್ಟಿನಲ್ಲಿ.

ಹೊರಗೆ ಏಡಿ ದೋಣಿಗಳು ಬಂದಿವೆ.
ತೂಕದ ಲೆಕ್ಕವನ್ನು ನಾಲ್ಕರಲ್ಲೇ ತಳ್ಳಬೇಕು.
ಅವಳು ಮುಚ್ಚಳ ಹಾಕುತ್ತಾಳೆ. ತಿರುಪು ಒಂದು ಎಲ್ಲೋ ಉರುಳಿದೆ.
ಎಲ್ಯೂತೇರಿಯೊ ತಗಡಿನ ಮೇಲೆ ಅಂಗೈ ಇಟ್ಟು,
ಅಲ್ಲಿ ಇಲ್ಲಿ ಸರಿಸಿ, ಪಟ್ಟಿಗಳಿರುವ ಕಡೆ
ತಮ್ಮ ಒದ್ದೆ ಕೈಗವಸು ಹರಡುತ್ತಾರೆ.

"ಎಂಟೂ ಬೆಚ್ಚಗಿವೆ," ಎನ್ನುತ್ತಾರೆ.
"ಬರೆದುಕೋ."