ಹತ್ತು ಇಳಿಸು, ಐದು ಏರಿಸು

ಗ್ರಿಮ್ಸ್‌ಬಿ ಆಸ್ಪತ್ರೆಯ ನೆಲಮಾಳಿಗೆಯಲ್ಲಿ
ನನ್ನದೊಂದು ಪುಟ್ಟ ಪೆಟ್ಟಿಗೆ ಇದೆ:
ದಪ್ಪ ಬಾಗಿಲು, ಗೋಡೆಗೆಲ್ಲ ಬೂದು ಸ್ಪಂಜು,
ಎರಡು ಪದರದ ಗಾಜಿನ ಕಿಟಕಿ.
ಒಳಗೆ ಕೂತವರ ಕಿವಿಗೆ ಸದ್ದು ಕಳಿಸುವುದು ನನ್ನ ಕೆಲಸ.
ದಿನಕ್ಕೆ ಹನ್ನೊಂದು ಸಲ ಅದೇ ಮಾತು:
ಕೇಳಿಸಿದರೆ ಗುಂಡಿ ಒತ್ತಿ.
ಎಷ್ಟೇ ಸಣ್ಣಗಿರಲಿ,
ಕೇಳಿಸಿತೋ ಇಲ್ಲವೋ ಅನ್ನಿಸಿದರೂ ಒತ್ತಿ.

ಅವರಿಗೆ ಕೇಳಿಸಿದರೆ ಹತ್ತು ಇಳಿಸು,
ಕೇಳಿಸದಿದ್ದರೆ ಐದು ಏರಿಸು.
ಹೀಗೆ ಇಳಿದು ಏರಿ, ಇಳಿದು ಏರಿ
ತಡಕುತ್ತ ಹೋದರೆ ಒಂದು ಹೊಸ್ತಿಲು ಸಿಗುತ್ತದೆ.
ಅದರ ಈಚೆ ಸದ್ದು.
ಆಚೆ
ಸದ್ದಿಲ್ಲವೆಂದಲ್ಲ,
ನಮಗೆ ಇಲ್ಲ.

*

ಬೆಟಗೇರಿಯ ಮಿಷನ್ ಮಗ್ಗದಲ್ಲಿ
ಮೂವತ್ತು ವರ್ಷ ನೇಯ್ದವನು ಅಪ್ಪ.
ಲಾಳಿಯ ಖಟಖಟಕ್ಕೆ ಕಿವಿ ಕೊಟ್ಟುಬಿಟ್ಟಿದ್ದ,
ವಾಪಸು ಸಿಗಲಿಲ್ಲ.
ರಾತ್ರಿ ಊಟದ ಮುಂಚಿನ ಅವನ ಪ್ರಾರ್ಥನೆ ಮೂರು ಓಣಿಗೆ ಕೇಳುತ್ತಿತ್ತು.
"ಕರ್ತನೇ!" ಎಂದರೆ
ಪಕ್ಕದ ಮನೆಯ ಆಡು ಎದ್ದು ನಿಲ್ಲುತ್ತಿತ್ತು.
ದೇವರಿಗೂ ಕಿವಿ ಮಂದವೇನೋ ಎಂದುಕೊಂಡಿದ್ದೆ ನಾನು.
ಆಮೇಲೆ ಸುಮ್ಮನಾಗುತ್ತಿದ್ದ, ಬಹಳ ಹೊತ್ತು,
ಸಾರು ಆರುವಷ್ಟು ಹೊತ್ತು.
ಏನ್ ಮಾಡಾಕತ್ತೀಯಪ್ಪ, ಎಂದು ಅವನ ತೋಳು ಎಳೆದರೆ
"ಕೇಳಾಕತ್ತೀನವ್ವ."
ಬೇಡುತ್ತಿದ್ದನೋ, ಆಲಿಸುತ್ತಿದ್ದನೋ?
ಎರಡಕ್ಕೂ ಒಂದೇ ಮಾತು ಕೊಟ್ಟು
ಕೈ ತೊಳೆದುಕೊಂಡಿದೆ ನಮ್ಮ ಭಾಷೆ.

*

ಭಾನುವಾರ ಮೀನುಪೇಟೆ ಹಿಂದಿನ ಮೆಥಡಿಸ್ಟ್ ಚಾಪೆಲು.
ಹದಿನಾಲ್ಕು ಜನ. ಒಂಬತ್ತು ಮಂದಿಯ ಕಿವಿಯಲ್ಲಿ
ನಾನೇ ಕೂರಿಸಿದ ಯಂತ್ರ.
ಹೋದ ವಾರ ಧ್ವನಿವರ್ಧಕ ಕೆಟ್ಟಿತ್ತು.
ಆತ ಮಾತಾಡುತ್ತಲೇ ಇದ್ದಾನೆ,
ನಾವೇ ಕೇಳುತ್ತಿಲ್ಲ, ಎಂದರು ಪಾಸ್ಟರಮ್ಮ.
ಯಾರಿಗೂ ಕೇಳಿಸಲಿಲ್ಲ.
ಎಲ್ಲರೂ ನಗುತ್ತ ತಲೆಯಾಡಿಸಿದರು.
ನನಗೊಬ್ಬಳಿಗೆ ಕೇಳಿಸಿತು, ಸಿಟ್ಟು ಬಂತು.
ಮೂರು ವರ್ಷದಿಂದ ಒಂದೇ ಪ್ರಶ್ನೆ ಹಿಡಿದು ಕೂತಿದ್ದೇನೆ
(ಅದೇನೆಂದು ಇಲ್ಲಿ ಬರೆಯುವುದಿಲ್ಲ),
ಇಷ್ಟು ಒಳ್ಳೆಯ ಕಿವಿಗಳನ್ನು ಇಟ್ಟುಕೊಂಡು.

*

ಇವತ್ತು ಕೊನೆಗೆ ಬಂದವರು ವಿಲ್ಫ್ ಡ್ರೂರಿ, ಎಂಬತ್ತೊಂದು.
ಐಸ್‌ಲ್ಯಾಂಡ್ ಕಡಲಿಗೆ ಹೋಗುತ್ತಿದ್ದ ಮೀನು ಹಡಗುಗಳ
ಇಂಜಿನ್ ಕೋಣೆಯಲ್ಲಿ ಯೌವನ ಕಳೆದವರು.
ಗುಂಡಿ ಒತ್ತಿದರು.
ನಾನಿನ್ನೂ ಏನೂ ಕಳಿಸಿರಲಿಲ್ಲ.
ಮತ್ತೆ ಒತ್ತಿದರು. ಮತ್ತೆ.
ನನ್ನ ಯಂತ್ರದ ಮೇಲೆ ಹಸಿರು ದೀಪ
ಸುಮ್ಮಸುಮ್ಮನೆ ಹೊತ್ತಿ ಆರಿತು.
ಇದಕ್ಕೆ ಸುಳ್ಳು ಉತ್ತರ ಎಂದು ಹೆಸರು, ಗುರುತು ಹಾಕಬೇಕು.
ಬಾಗಿಲು ತೆರೆದು ಹೇಳಿದೆ.
"ಇರಲಿಲ್ಲವಾ?" ಮುದುಕರ ಮುಖ ಕೆಂಪಾಯಿತು.
"ನೀನು ಅಲ್ಲಿ ಕೂತಿದ್ದೀಯಲ್ಲ, ಬಾತುಕೋಳಿ,
ಕಳಿಸೇ ಕಳಿಸ್ತೀಯ ಅಂತ ಗೊತ್ತಿತ್ತು."
ಈ ಊರಲ್ಲಿ ಪ್ರೀತಿ ಬಂದರೆ ಹಾಗೆ ಕರೆಯುತ್ತಾರೆ.
ಗುರುತು ಹಾಕಿದೆ. ಪೆನ್ನು ಯಾಕೋ ತಡವರಿಸಿತು.

*

ಐದೂವರೆ. ಕೋಟು ತೊಟ್ಟವಳು ಮತ್ತೆ ಬಿಚ್ಚಿಟ್ಟು
ಒಳಗೆ ಹೋಗಿ ಬಾಗಿಲೆಳೆದುಕೊಂಡೆ,
ಏಳು ವರ್ಷದಲ್ಲಿ ಮೊದಲ ಸಲ.
ಮಧ್ಯಾಹ್ನ ತಿಂದ ಬೀನ್ಸು ಮೊದಲು ಮಾತಾಡಿತು.
ಆಮೇಲೆ ಉಸಿರು.
ಆಮೇಲೆ ಕುತ್ತಿಗೆಯಲ್ಲಿ ರಕ್ತ,
ಲಾಳಿಯ ಹಾಗೆ, ಅತ್ತ ಇತ್ತ, ಅತ್ತ ಇತ್ತ.
ಸುಗುಣಾ, ಎಂದು ಯಾರೂ ಕರೆಯಲಿಲ್ಲ.

ಐದು ಏರಿಸು ಸ್ವಾಮಿ, ಎಂದೆ.
ಏರಿಸಲಿಲ್ಲ.
ಹತ್ತು ಇಳಿಸಿದ್ದನೋ ಏನೋ.
ಇಳಿಸುವುದು
ಕೇಳಿಸಿದವರಿಗಲ್ಲವೇ?

ಗಾಜಿನಾಚೆ ಬಕೆಟ್ ತಳ್ಳುತ್ತ ಹೋದಳು ದನೂತೆ,
ಕಸ ಗುಡಿಸುವವಳು.
ತುಟಿಯ ಮೇಲೆ ಏನೋ ಹಾಡು,
ನನಗೆ ಬರೀ ತುಟಿ.

ಯಾವಾಗ ಒತ್ತಿದೆನೋ ತಿಳಿಯದು.
ಅಲ್ಲಿ, ನನ್ನ ಖಾಲಿ ಕುರ್ಚಿಯ ಮುಂದೆ
ಹಸಿರು ದೀಪ ಹೊತ್ತಿತ್ತು.