ಓರೆ ಬಿಸಿಲು

"ಗುಡ್ಡ ಈಗ ಬರೀ ರಟ್ಟು" ಅಂದ ಎರ್ರಿಸ್ವಾಮಿ.
ಬಳ್ಳಾರಿಯ ಮಧ್ಯಾಹ್ನ ಹನ್ನೆರಡೂವರೆ,
ನೆತ್ತಿಗೆ ಮೊಳೆ ಹೊಡೆದು ನೇತುಹಾಕಿದ ಸೂರ್ಯ.
ಕೋಟೆ, ಬಂಡೆ, ಬಂಡೆ ಸಂದಿಯ ಕಳ್ಳಿ
ಎಲ್ಲವೂ ಒಂದೇ ಹಾಳೆಗೆ ಅಂಟಿಸಿದ ಚೀಟಿ.
"ಕ್ಯಾಮೆರಾ ಚೀಲಕ್ಕ ಹಾಕು. ಚಾ ಕುಡಿಯೂಣು ಬಾ.
ಗುಡ್ಡ ಐದಕ್ಕ ಹುಟ್ಟತೈತಿ."

ಕೌಲ್ ಬಜಾರಿನ ಅವನ ಸ್ಟುಡಿಯೋದಲ್ಲಿ
ಗೋಡೆಗೊಂದು ಹಳೇ ಪರದೆ:
ಸರೋವರ, ಅದರಾಚೆ ಮೆಟ್ಟಿಲು, ಮೆಟ್ಟಿಲಾಚೆ ಮೋಡ.
ಮೂವತ್ತು ವರ್ಷ ಮದುಮಕ್ಕಳು ಅದರ ಮುಂದೆ ನಿಂತರು,
ಒಬ್ಬರ ಕಾಲೂ ನೀರಿಗೆ ತಾಗಲಿಲ್ಲ.
ಈಗ ಬರುವವರಿಗೆ ಬೇಕಾದ್ದು ಬಿಳಿ ಹಿನ್ನೆಲೆ,
ಎರಡೂ ಕಿವಿ ಕಾಣಬೇಕು, ನೆರಳು ಬೀಳಬಾರದು.
"ನೆರಳಿಲ್ಲದ ಮುಖಕ್ಕ ಹಿಂಬದಿ ಇರಾಂಗಿಲ್ಲ ತಂಗಿ.
ಆಧಾರ್ ಕಾರ್ಡಿನ್ಯಾಗ ನಾವೆಲ್ಲಾ ದ್ವಾಸಿ."

ನನಗೆ ಬೇಕಿದ್ದದ್ದು ಪ್ಯಾಂಟಿನ ಫೋಟೊ.
ನಮ್ಮ ಶೆಡ್ಡಿನ ಜೀನ್ಸು ಕಾಣದ ಊರಿನ ಫೋನುಗಳಿಗೆ ಹೋಗುತ್ತದೆ,
ಮಾಲೀಕ ಬೈಯುತ್ತಾನೆ: ಇದು ಬಟ್ಟೆಯೋ, ಬಳಿದ ಬಣ್ಣವೋ?
ಫ್ಲ್ಯಾಶ್ ಹೊಡೆದಷ್ಟೂ ಪ್ಯಾಂಟು ಸತ್ತ ಮೀನು.

ಎರ್ರಿಸ್ವಾಮಿ ಫ್ಲ್ಯಾಶ್ ಕಿತ್ತು
ಮೇಜಿನ ಖಾನೆಗೆಸೆದು ಬೀಗ ಜಡಿದ.
ಬಾಗಿಲನ್ನು ಒಂದು ಗೇಣು ತೆರೆದ.
ಬೆಳಕು ನೆಲಕ್ಕೆ ಎದೆಯೂರಿ ತೆವಳಿ ಬಂತು.
ಪ್ಯಾಂಟಿನ ಮೇಲೆ ಹಾಯುವಾಗ
ಒಂದೊಂದು ನೂಲೂ ಪಕ್ಕದ ನೂಲಿಗೆ
ಎಳ್ಳುಕಾಳಿನಷ್ಟು ನೆರಳು ಕೊಟ್ಟಿತು.
ಉತ್ತ ಎರೆಹೊಲ ಕಂಡೆ.
ಹೊಲಿಗೆಯ ಹಳದಿ ದಾರ ಬದುವಾಗಿ ಎದ್ದಿತ್ತು,
ಕಲ್ಲಿನಿಂದ ಉಜ್ಜಿ ತೆಗೆದ ಮೊಣಕಾಲಿನ ಬಿಳುಪಲ್ಲಿ
ಯಾರೋ ಆಗಲೇ ಮಂಡಿಯೂರಿ ಎದ್ದುಹೋದಂತಿತ್ತು.

"ಕೆಂಪು ಮುಂದಕ್ಕ ಜಿಗೀತೈತಿ, ನೀಲಿ ಹಿಂದಕ್ಕ ಸರೀತೈತಿ.
ಕೆಂಪು ಎಲ್ಲಿಂದ ತರ್ಲಿ ಅಂತೀಯೇನು, ಈ ಊರಾಗ?
ಕಿಟಕಿ ಗಾಜಿಗೆ ಅದಿರಿನ ಧೂಳು ಕುಂತೈತಿ, ಒರಸಬ್ಯಾಡ.
ಹೊರಗ ನಿಂತು ಅದರ ಮ್ಯಾಲಿಂದ ತೆಗಿ."
ಮುಂದೆ ಧೂಳಿನ ಕೆಂಪು, ಆಚೆ ಪ್ಯಾಂಟಿನ ನೀಲಿ,
ನಡುವೆ ಒಂದು ಕೋಣೆಯಷ್ಟು ಗಾಳಿ
ಅದೆಲ್ಲಿಂದ ಬಂತೋ.

ಚಾ ಬಂತು.
ಆಗ ನೋಡಿದೆ,
ಆರು ತಿಂಗಳು ನೋಡದೇ ಇದ್ದದ್ದನ್ನು:
ಕಿತ್ಲಿ ಬಗ್ಗಿಸುವ ಮೊದಲು ಅವನ ಬೆರಳು
ಲೋಟದ ಅಂಚು ಮುಟ್ಟಿ ಅಲ್ಲೇ ಕಾವಲು ನಿಲ್ಲುತ್ತದೆ.
ಮೆಟ್ಟಿಲನ್ನು ಹೆಬ್ಬೆರಳು ಮೊದಲು ಕೇಳುತ್ತದೆ, ಆಮೇಲೆ ಪಾದ.
ಬಲಗಣ್ಣು ನನ್ನ ನೋಡುತ್ತದೆ,
ಎಡಗಣ್ಣು ನೋಡಿದ ಹಾಗೆ ಇರುತ್ತದೆ.

"ಇಪ್ಪತ್ತೆರಡು ವರ್ಷಾತು. ಅದಿರಿನ ಲಾರಿ ಹಿಂದ
ಬೈಕಿನ ಮ್ಯಾಲ ಹೊಂಟಿದ್ದೆ. ಒಂದು ಹಳ್ಳು,
ಕಡ್ಲಿಗಿಂತ ಸಣ್ಣದು.
ಪಟ್ಟಿ ಬಿಚ್ಚಿದ ದಿನ ಜಗತ್ತೆಲ್ಲಾ ಗ್ವಾಡಿಗೆ ಅಂಟಿಬಿಟ್ಟಿತ್ತು,
ನೀರು ಲೋಟದ ಹೊರಗ, ಕೈ ಚಿಲಕದ ಈಚಿಗೆ.
ಕ್ಯಾಮೆರಾಕ್ಕೂ ಒಂದೇ ಕಣ್ಣಲ್ಲೇನು,
ನೀ ಹೆಂಗ ಬದುಕ್ತಿ ಅಂತ ಅದನ್ನ ಕೇಳಿದೆ."

ಅದೇನಂತೋ ಹೇಳಲಿಲ್ಲ.
ಲೋಟದ ಬುಡದ ನೆರಳನ್ನು ಉಗುರಿನಿಂದ ತೋರಿಸಿದ,
ಅಷ್ಟೇ.

ಐದಕ್ಕೆ ಹೊರಗೆ ಬಂದೆವು.
ಗುಡ್ಡ ಹುಟ್ಟಿತ್ತು.
ಬಂಡೆ ಬಂಡೆಗೂ ಒಂದು ಬೆನ್ನು, ಬೆನ್ನ ಹಿಂದೆ ತಂಪು ಕಪ್ಪು,
ಕೋಟೆಗೋಡೆಯ ಕಲ್ಲಿಗೆ ಸಿಡುಬಿನ ಕಲೆಯಂಥ ಉಳಿಗುರುತು,
ಅದರಾಚೆಯ ಗುಡ್ಡ ತೆಳು, ಅದರಾಚೆಯದು ಇನ್ನೂ ತೆಳು,
ಕೊನೆಯದು ಧೂಳೋ ಗುಡ್ಡವೋ
ಧೂಳಿಗೇ ಗೊತ್ತಿಲ್ಲ.

ಪಡುವಣದ ಓಣಿಯಿಂದ ಹೊನ್ನೂರಬೀ ಬರುತ್ತಿದ್ದಳು,
ಬಣ್ಣದ ತೊಟ್ಟಿಯ ಕೆಲಸ ಮುಗಿಸಿ.
ತಲೆಯ ಸೆರಗು ಮೆಣಸಿನಕಾಯಿ ಕೆಂಪು,
ಮೊಣಕೈವರೆಗೆ ತೊಳೆದರೂ ಹೋಗದ ನೀಲಿ;
ಮುಖ ಹತ್ತಿರ ಬರುತ್ತಿತ್ತು, ಕೈಗಳು ಇನ್ನೂ ಶೆಡ್ಡಿನಲ್ಲೇ ಇದ್ದವು.

ಕ್ಯಾಮೆರಾ ಎತ್ತಿದೆ.
ಎಡಗಣ್ಣು ತಾನಾಗಿ ಮುಚ್ಚಿಕೊಂಡಿತು.

"ತಡೀ" ಅಂದ ಪಕ್ಕದಲ್ಲಿ,
"ಅಕಿ ನೆರಳು ನಿನ್ನ ಕಾಲಿಗೆ ತಾಗ್ಲಿ."